ತಡೆದುದೇ ಬಹುಮಾನವಾಗುವ ಬಗೆ

ಮೊಬೈಲನ್ನು ಕಿತ್ತಿಟ್ಟಷ್ಟೂ ಮಗುವಿಗೆ ಅದರ ಮೇಲೆ ಆಸೆ ಹೆಚ್ಚುವುದೇಕೆ ಎಂದು ಮಠಕ್ಕೆ ಬರುವ ತಾಯಂದಿರು ನಮ್ಮನ್ನು ಕೇಳುವುದುಂಟು. ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿದವರು ಕಂಡುಕೊಂಡ ಸಂಗತಿಯೊಂದು ಈ ಪ್ರಶ್ನೆಗೆ ಬೆಳಕು ನೀಡುವುದರಿಂದ ಅದನ್ನು ಸದ್ಭಕ್ತರ ಗಮನಕ್ಕೆ ತರಬಯಸುತ್ತೇವೆ.

ಬಹುಮಾನವೆಂದರೆ ಆಹಾರ, ನೀರು, ಸಿಹಿಯಂಥ ವಸ್ತು. ಹಸಿದ ಪ್ರಾಣಿ ಅದಕ್ಕಾಗಿ ದುಡಿಯುತ್ತದೆ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಪ್ರಿಮ್ಯಾಕ್ 1962ರಲ್ಲಿ ಪ್ರಕಟಿಸಿದ ಪ್ರಯೋಗವು ಅದನ್ನು ಅಲುಗಿಸಿತು. ಇಲಿಗಳ ಮುಂದೆ ಇದ್ದುದು ಎರಡೇ: ಓಡುವ ಚಕ್ರ ಮತ್ತು ನೀರಿನ ನಳಿಕೆ. ನೀರಿಲ್ಲದೆ ಇರಿಸಿದಾಗ ಇಲಿಗಳು ನೀರಿಗಾಗಿ ಓಡಿದವು, ಇದರಲ್ಲಿ ಅಚ್ಚರಿಯಿಲ್ಲ. ಆದರೆ ನೀರನ್ನು ಯಥೇಚ್ಛವಾಗಿ ಕೊಟ್ಟು, ಚಕ್ರವನ್ನು ತಡೆದು, ನೀರು ಕುಡಿದರೆ ಮಾತ್ರ ಚಕ್ರ ಬಿಡುವಂತೆ ಮಾಡಿದಾಗ, ಬಾಯಾರದ ಇಲಿಗಳು ಓಟಕ್ಕಾಗಿ ಮತ್ತೆ ಮತ್ತೆ ನೀರು ಕುಡಿದವು!

ಹೆಚ್ಚು ಮಾಡಬಯಸುವ ಕ್ರಿಯೆಯು ಕಡಿಮೆ ಬಯಸುವ ಕ್ರಿಯೆಗೆ ಬಹುಮಾನವಾಗುತ್ತದೆ ಎಂಬುದು ಪ್ರಿಮ್ಯಾಕರ ನಿಲುವು. 1974ರಲ್ಲಿ ವಿಲಿಯಂ ಟಿಂಬರ್ಲೇಕ್ ಮತ್ತು ಜೇಮ್ಸ್ ಆಲಿಸನ್ ಇನ್ನೂ ಮುಂದೆ ಹೋದರು. ಇಷ್ಟದ ಹೆಚ್ಚು ಕಡಿಮೆ ಮುಖ್ಯವಲ್ಲ. ಪ್ರಾಣಿ ತಾನಾಗಿ ಮಾಡುವ ಪ್ರಮಾಣಕ್ಕಿಂತ ಕಡಿಮೆ ದೊರೆಯುವಂತೆ ಕಟ್ಟುಪಾಡು ಹಾಕಿದರೆ ಯಾವ ಕ್ರಿಯೆಯೂ ಬಹುಮಾನವಾಗಬಲ್ಲದು ಎಂದರು.

ಇದನ್ನು ಲೆಕ್ಕವಿಟ್ಟೇ ನೋಡಬೇಕು. ಇಲಿಯೊಂದು ಸ್ವೇಚ್ಛೆಯಿಂದ ಗಂಟೆಗೆ 20 ನಿಮಿಷ ಓಡಿ 5 ನಿಮಿಷ ಕುಡಿಯುತ್ತದೆ ಎಂದು ಭಾವಿಸೋಣ. 10 ನಿಮಿಷದ ಓಟಕ್ಕೆ 1 ನಿಮಿಷ ನೀರು ಎಂಬ ನಿಯಮವಿದ್ದರೆ, ಎಂದಿನ ಓಟಕ್ಕೆ ದೊರೆಯುವುದು 2 ನಿಮಿಷದ ನೀರು ಮಾತ್ರ. 3 ನಿಮಿಷದ ಕೊರತೆ ತುಂಬಿಕೊಳ್ಳಲು ಇಲಿ ಹೆಚ್ಚು ಓಡುತ್ತದೆ. 1 ನಿಮಿಷ ಕುಡಿದರೆ 1 ನಿಮಿಷ ಓಟ ಎಂದು ನಿಯಮ ಬದಲಿಸಿದರೆ, ಎಂದಿನಷ್ಟು ಕುಡಿದಾಗ 5 ನಿಮಿಷದ ಓಟವಷ್ಟೇ ಸಿಕ್ಕು 15 ನಿಮಿಷ ಕೊರತೆಯಾಗುತ್ತದೆ. ಈಗ ಅದೇ ಇಲಿ ಹೆಚ್ಚು ಕುಡಿಯುತ್ತದೆ. ಇಲಿಯೂ ಬದಲಾಗಲಿಲ್ಲ, ನೀರೂ ಬದಲಾಗಲಿಲ್ಲ. ಪ್ರಾಣಿಯನ್ನು ಉಪವಾಸ ಕೆಡವದೆಯೂ ಬಹುಮಾನ ಸೃಷ್ಟಿಸಬಹುದೆಂಬುದು ಇದರಿಂದ ತಿಳಿಯುತ್ತದೆ; ನಮಗಂತೂ ಇದು ಸಮಾಧಾನದ ಸಂಗತಿ.

ಲೆಕ್ಕ ಮಾಡಿದರೆ ಮೊಬೈಲು ಎಂಬ ಮನೆಯ ನಿಯಮವೂ ಇದೇ ಬಗೆಯದು. ಅದರಿಂದ ಲೆಕ್ಕ ಮುಗಿಯಬಹುದು. ಬಹುಮಾನದ ಪಟ್ಟ ಮಾತ್ರ ಮೊಬೈಲಿಗೇ ಸಲ್ಲುತ್ತದೆ. ಈ ನಿಯಮ ತಿರುಗುಮುರುಗಾಗಲಾರದೆ ಎಂದು ಕೇಳುವ ತಾಯಂದಿರಿಗೆ ಶಾಲಾ ಮಕ್ಕಳ ಮೇಲೆ ನಡೆದ ಪ್ರಯೋಗವೊಂದನ್ನು ಹೇಳುತ್ತೇವೆ. 1980ರಲ್ಲಿ ಪ್ರಕಟವಾದ ಅದರಲ್ಲಿ ಮಕ್ಕಳಿಗೆ ಬಣ್ಣ ಹಚ್ಚುವುದೇ ಹೆಚ್ಚು ಪ್ರಿಯವಾಗಿತ್ತು. ಆದರೂ ಲೆಕ್ಕ ಮಾಡುವ ಅವಕಾಶವನ್ನು ಎಂದಿನದಕ್ಕಿಂತ ಕಡಿಮೆ ಮಾಡಿದಾಗ, ಲೆಕ್ಕ ಸಿಗಲೆಂದು ಅವರು ಹೆಚ್ಚು ಬಣ್ಣ ಹಚ್ಚಿದರು.