ಜಲ್ಲಿ ಹೊದ್ದ ಮಂಜಿನ ನೆಲ

ಕೆನಡಾದ ಯೂಕಾನ್ ಪ್ರದೇಶದಲ್ಲಿ ಡಾಸನ್ ಪಟ್ಟಣದಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ಹೋದರೆ, ಕ್ಲಾಂಡೈಕ್ ಹೆದ್ದಾರಿಯಿಂದ ಒಂದು ಜಲ್ಲಿ ರಸ್ತೆ ಉತ್ತರಕ್ಕೆ ಕವಲೊಡೆಯುತ್ತದೆ. ಅದೇ ಡೆಂಪ್‌ಸ್ಟರ್ ಹೆದ್ದಾರಿ. ಅಲ್ಲಿಂದ ಇನೂವಿಕ್ ಊರಿಗೆ ಹತ್ತಿರಹತ್ತಿರ 740 ಕಿ.ಮೀ. ನಡುವೆ ಪೆಟ್ರೋಲು ಸಿಗುವ ಮೊದಲ ಜಾಗ ಈಗಲ್ ಪ್ಲೇನ್ಸ್, ಅದು 369ನೇ ಕಿ.ಮೀ.ನಲ್ಲಿದೆ. ಗುಡಾರ, ಸ್ಟೌ, ಒಂದರ ಬದಲು ಎರಡು ಸ್ಟೆಪ್ನಿ ಟೈರು ಹಾಕಿಕೊಂಡು ನಾನೂ ನನ್ನ ಹೆಂಡತಿಯೂ ಒಂದು ಜುಲೈನಲ್ಲಿ ಈ ದಾರಿ ಹಿಡಿದೆವು. ಈಗಲ್ ಪ್ಲೇನ್ಸ್ ಆಸುಪಾಸಿನಲ್ಲಿ ರಸ್ತೆಗೆ ಹಾಕಿರುವ ಪದರಗಲ್ಲಿನ ಚೂರುಗಳು ಚಾಕುವಿನಷ್ಟೇ ಹರಿತ, ಎರಡನೆಯ ಸ್ಟೆಪ್ನಿ ಅದಕ್ಕಾಗಿ.

ಅವಳು ಸಿವಿಲ್ ಎಂಜಿನಿಯರ್. ಸುತ್ತಲಿನ ಬೆಟ್ಟಗಳನ್ನು ನಾನು ನೋಡುತ್ತಿದ್ದರೆ ಅವಳ ಕಣ್ಣು ರಸ್ತೆಯ ಏರಿಯ ಮೇಲೆಯೇ. ಒಂದು ಕಡೆ ಗಾಡಿ ನಿಲ್ಲಿಸಿ ಇಳಿಜಾರಿನಲ್ಲಿ ಕೆಳಗಿಳಿದವಳು ಅಲ್ಲಿಂದಲೇ ಕೂಗಿ ಹೇಳಿದಳು: "ರೀ, ಇಷ್ಟು ದಪ್ಪ ಲಾರಿಗಳ ಭಾರಕ್ಕೆ ಬೇಡವೇ ಬೇಡ. ಇದು ನೆಲ ತಣ್ಣಗಿರಲಿ ಅಂತ ಹಾಕಿದ್ದು."

ಅವಳ ಮಾತಿನಲ್ಲಿ ಈ ಹೆದ್ದಾರಿಯ ವಿಜ್ಞಾನವೆಲ್ಲ ಇದೆ. ಜಲ್ಲಿಯ ಏರಿ 1.2 ಮೀಟರಿನಿಂದ 2.4 ಮೀಟರಿನ ತನಕ ದಪ್ಪ. ಅದರ ಕೆಳಗಿರುವುದು ಪರ್ಮಾಫ್ರಾಸ್ಟ್, ಎಂದರೆ ಕನಿಷ್ಠ ಎರಡು ವರ್ಷ ಸತತವಾಗಿ 0 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೇ ಉಳಿದ ನೆಲ. ಬರೀ ಬಂಡೆಯಾಗಿದ್ದರೆ ತೊಂದರೆ ಇಲ್ಲ, ಕರಗಲು ಅದರಲ್ಲಿ ಏನೂ ಇರುವುದಿಲ್ಲ. ಆದರೆ ಇಲ್ಲಿ ಬಹುಪಾಲು ಕಡೆ ಮಣ್ಣಿನೊಳಗೆ ಮಂಜುಗಡ್ಡೆಯ ಪದರಗಳೂ ಬೆಣೆಗಳೂ ತುಂಬಿವೆ. ಹೆಪ್ಪುಗಟ್ಟಿರುವ ತನಕ ಆ ಮಣ್ಣು ಕಾಂಕ್ರೀಟಿನಷ್ಟು ಗಟ್ಟಿ. ಕರಗಿತೋ, ಮಂಜಿದ್ದ ಜಾಗವೆಲ್ಲ ಕುಸಿದು ಕೆಸರಾಗುತ್ತದೆ. ಐಸ್ ಫ್ಯಾಕ್ಟರಿಯವರು ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಇಡುವ ಹಾಗೆ, ಇಲ್ಲಿ ನೆಲವನ್ನು ಜಲ್ಲಿಯಲ್ಲಿ ಮುಚ್ಚಿಟ್ಟಿದ್ದಾರೆ.

ಈ ಜಾಣ್ಮೆ ಪೆಟ್ಟು ತಿಂದು ಕಲಿತದ್ದು. 1942ರಲ್ಲಿ ಅಮೆರಿಕದ ಸೇನೆ ಅಲಾಸ್ಕಾ ಹೆದ್ದಾರಿಯನ್ನು ಅವಸರದಲ್ಲಿ ಕಡಿಯುವಾಗ, ರೂಢಿಯಂತೆ ಬುಲ್ಡೋಜರಿನಿಂದ ಮೇಲಿನ ಹಾವಸೆ, ಗಿಡಗಂಟಿಗಳನ್ನು ಕೆರೆದು ಹಾಕಿತು. ಬಿಸಿಲು ತಗುಲಿದ ನೆಲ ಕರಗಿತು, ಯಂತ್ರಗಳೇ ಹೂತುಹೋದವು. ಹಾಗಾಗಿ ಡೆಂಪ್‌ಸ್ಟರ್ ಕಟ್ಟಿದವರು ಹಾವಸೆಯನ್ನು ಮುಟ್ಟದೆ ಅದರ ಮೇಲೆಯೇ ಜಲ್ಲಿ ಸುರಿದರು. 1959ರಲ್ಲಿ ಶುರುವಾದ ಕೆಲಸ ಕೆಲವೇ ವರ್ಷದಲ್ಲಿ ನಿಂತುಹೋಗಿತ್ತು. 1968ರಲ್ಲಿ ಅಲಾಸ್ಕಾದ ಪ್ರೂಡೊ ಬೇಯಲ್ಲಿ ತೈಲ ಸಿಕ್ಕ ಮೇಲೆ ಮತ್ತೆ ಜೀವ ಬಂದು, 1979ರಲ್ಲಿ ರಸ್ತೆ ತೆರೆಯಿತು.

ಆರ್ಕ್‌ಟಿಕ್ ವೃತ್ತವನ್ನು ರಸ್ತೆ ದಾಟುವುದು 405ನೇ ಕಿ.ಮೀ.ನಲ್ಲಿ. ಮುಂದೆ ರಾಕ್ ರಿವರ್ ಶಿಬಿರತಾಣದಲ್ಲಿ ಗುಡಾರ ಹಾಕಿದ ದಿನ, ರಾತ್ರಿ ಹನ್ನೊಂದಾದರೂ ಓದುವಷ್ಟು ಬೆಳಕು. ಸೊಳ್ಳೆಗಳ ಕಾಟ ಹೇಳತೀರದು. ಆ ವೃತ್ತದಿಂದ ಉತ್ತರಕ್ಕೆ ಹೋದಷ್ಟೂ ಬೇಸಿಗೆಯಲ್ಲಿ ಸೂರ್ಯ ಮುಳುಗದ ದಿನಗಳು ಹೆಚ್ಚು. ಇನೂವಿಕ್‌ನಲ್ಲಿ ಮೇ ಕೊನೆಯ ವಾರದಿಂದ ಜುಲೈ ಮಧ್ಯ ದಾಟುವ ತನಕ ಹಗಲೇ ಹಗಲು. ಹಾಗಿದ್ದೂ ಬೆರಳಿನಿಂದ ಹಾವಸೆಯನ್ನು ಬಿಡಿಸಿ ಕೈ ಇಳಿಸಿದರೆ, ಮೊಣಕೈ ಮುಳುಗುವ ಮೊದಲೇ ಕೊರೆಯುವ ತಣ್ಣನೆಯ ಮಣ್ಣು ಸಿಗುತ್ತದೆ. ಇಪ್ಪತ್ತನಾಲ್ಕು ಗಂಟೆ ಬಿಸಿಲು ಬಿದ್ದರೂ ನೆಲ ಏಕೆ ಕರಗುವುದಿಲ್ಲ?

ಸೂರ್ಯ ಬಾನಂಚಿನಲ್ಲೇ ಸುತ್ತುವುದರಿಂದ ಕಿರಣ ಓರೆಯಾಗಿ ಬೀಳುತ್ತದೆ ಎಂಬುದು ಒಂದು ಕಾರಣ, ಚಳಿಗಾಲ ಉದ್ದ ಎಂಬುದು ಇನ್ನೊಂದು. ಮೂರನೆಯದು ಹಾವಸೆ, ನನಗೆ ಅತ್ಯಂತ ಸೋಜಿಗ ಎನಿಸಿದ್ದೂ ಅದೇ. ಬೇಸಿಗೆಯಲ್ಲಿ ಒಣಗಿದ ಹಾವಸೆಯ ತುಂಬ ಗಾಳಿ, ಅದರ ಮೂಲಕ ಶಾಖ ಕೆಳಗಿಳಿಯುವುದು ಕಷ್ಟ. ಶರತ್ಕಾಲದ ಮಳೆಗೆ ಅದೇ ಹಾವಸೆ ನೀರು ಕುಡಿದು ನೆನೆಯುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ನೀರಿಗಿಂತ ನಾಲ್ಕು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ನೆಲದಲ್ಲಿ ಉಳಿದ ಬಿಸಿ ಚಳಿಗಾಲದಲ್ಲಿ ಸಲೀಸಾಗಿ ಹೊರಗೆ ಹೋಗುತ್ತದೆ. ಬಿಸಿಯನ್ನು ಒಳಗೆ ಬಿಡದೆ ಹೊರಗೆ ಮಾತ್ರ ಬಿಡುವ ಬಾಗಿಲು ಅದು! ಅಲ್ಲಿ ಹಾವಸೆಯ ಮೇಲೆ ಗಾಡಿ ಇಳಿಸಬಾರದು, ಜಲ್ಲಿ ಹಾಕಿದ ಶಿಬಿರತಾಣ ಬಿಟ್ಟು ಬೇರೆ ಕಡೆ ಬೆಂಕಿ ಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಆದರೆ ರಸ್ತೆಯೇ ಈ ಲೆಕ್ಕವನ್ನು ತಪ್ಪಿಸುತ್ತದೆ. ನಡುಗಡೆ ಜಲ್ಲಿ ದಪ್ಪವಿದ್ದು ನೆಲ ಕ್ಷೇಮ, ತೊಂದರೆ ಇರುವುದು ಏರಿಯ ಬುಡದಲ್ಲಿ. ಗಾಳಿ ಹೊತ್ತು ತಂದ ಹಿಮ, ರಸ್ತೆಯಿಂದ ಬಳಿದು ಹಾಕಿದ ಹಿಮ ಎರಡೂ ಅಲ್ಲೇ ರಾಶಿ ಬೀಳುತ್ತವೆ. ಹಿಮ ಒಳ್ಳೆಯ ಹೊದಿಕೆ, ಹೊರಗಿನ ಮೈನಸ್ 30 ಡಿಗ್ರಿಯ ಚಳಿ ನೆಲಕ್ಕೆ ತಟ್ಟದಂತೆ ಅದು ತಡೆಯುತ್ತದೆ. ನೆಲ ಚೆನ್ನಾಗಿ ತಣಿಯದೆಯೇ ಮುಂದಿನ ಬೇಸಿಗೆ ಬರುತ್ತದೆ. ರಸ್ತೆಯ ದೂಳು ಬಿದ್ದು ಕಪ್ಪಾದ ಹಿಮ ಬೇಗ ಕರಗಿ ಬುಡದಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಆಲ್ಡರ್, ವಿಲೋ ಪೊದೆಗಳು ಎತ್ತರಕ್ಕೆ ಬೆಳೆದು ಮರುವರ್ಷ ಇನ್ನಷ್ಟು ಹಿಮ ಹಿಡಿಯುತ್ತವೆ. ಒಂದು ಇನ್ನೊಂದನ್ನು ಬೆಳೆಸುತ್ತ ಹೋಗಿ ಏರಿಯ ಅಂಚು ಬಿರಿದು ಜಾರುತ್ತದೆ. ವಾತಾವರಣ ಬಿಸಿಯಾಗುತ್ತಿರುವುದು ಸಾಲದೆಂಬಂತೆ ಇದೂ ಸೇರಿಕೊಂಡಿದೆ. ಅಲೆಯಲೆಯಾಗಿ ಏರಿಳಿಯುವ ರಸ್ತೆ ಕಂಡಾಗಲೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು.

ದಾರಿಯ ಮೊದಲರ್ಧದಲ್ಲಿ ಸಿಗುವ ಒಗಿಲ್ವಿ ಬೆಟ್ಟಗಳ ಬಹುಭಾಗಕ್ಕೆ ಹಿಮಯುಗದಲ್ಲೂ ಹಿಮನದಿ ತಟ್ಟಲಿಲ್ಲ. ಅಲ್ಲಿನ ಗುಡ್ಡಗಳು ನುಣುಪು, ನೆತ್ತಿಯ ಮೇಲೆ ಗೋಪುರದಂಥ ಬಂಡೆಗಳು. ರಿಚರ್ಡ್‌ಸನ್ ಬೆಟ್ಟಗಳನ್ನು ದಾಟಿ ಪೀಲ್ ಪ್ರಸ್ಥಭೂಮಿಗೆ ಇಳಿದರೆ ಕಥೆ ಬೇರೆ. ಕೆನಡಾದ ಬಹುಪಾಲನ್ನು ಮುಚ್ಚಿದ್ದ ಲಾರೆಂಟೈಡ್ ಹಿಮಹಾಳೆ ಬಂದು ನಿಂತದ್ದು ಅಲ್ಲಿಯೇ. ಹಿಂದೆ ಸರಿಯುವಾಗ ಅದು ಬಿಟ್ಟುಹೋದ ಮಂಜು ಮಣ್ಣಿನಡಿ ಹೂತು ಸಾವಿರಾರು ವರ್ಷ ಉಳಿದಿತ್ತು. ಈಗ ಹೊಳೆ ದಂಡೆ ಕೊರೆದಾಗಲೋ ಜೋರು ಮಳೆ ಬಂದಾಗಲೋ ಅದು ಬಯಲಿಗೆ ಬಿದ್ದು, ಇಡೀ ಇಳಿಜಾರುಗಳು ಕೆಸರಾಗಿ ಕಣಿವೆಗೆ ಹರಿಯುತ್ತಿವೆ. ಲೋಕದ ಪರ್ಮಾಫ್ರಾಸ್ಟ್ ಸೀಮೆಯ ಮಣ್ಣಿನಲ್ಲಿ ವಾತಾವರಣದಲ್ಲಿರುವುದರ ಸರಿಸುಮಾರು ಎರಡರಷ್ಟು ಇಂಗಾಲ ಅಡಗಿದೆ. ಮಣ್ಣು ಕರಗಿದರೆ ಸೂಕ್ಷ್ಮಜೀವಿಗಳು ಅದನ್ನು ಕಾರ್ಬನ್ ಡೈಆಕ್ಸೈಡ್, ಮೀಥೇನ್‌ಗಳಾಗಿ ಹೊರಬಿಡುತ್ತವೆ. ಹಾಗಾಗಿ ಈ ಕುಸಿತಗಳನ್ನು ಬರೀ ಅಲ್ಲಿಯವರ ಕಷ್ಟ ಎಂದು ನೋಡಲು ನನ್ನಿಂದಾಗದು.

ಪೀಲ್, ಮೆಕೆಂಜಿ ನದಿಗಳಿಗೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ಫೆರ್ರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ರಸ್ತೆ. ನಡುವೆ ಮಂಜು ಕಟ್ಟುವ ಮತ್ತು ಒಡೆಯುವ ವಾರಗಳಲ್ಲಿ ದಾರಿ ಬಂದ್. ಇನೂವಿಕ್‌ನಲ್ಲಿ ಮನೆಗಳು ಕಂಬಗಳ ಮೇಲಿವೆ, ಮನೆಯ ಬಿಸಿ ನೆಲಕ್ಕೆ ತಾಗದಿರಲೆಂದು. ನೀರಿನ, ಚರಂಡಿಯ ಕೊಳವೆಗಳೂ ನೆಲದ ಮೇಲೆಯೇ ಪೆಟ್ಟಿಗೆಗಳೊಳಗೆ ಓಡುತ್ತವೆ.

ಅಲ್ಲಿಂದ ಸಮುದ್ರಕ್ಕೆ ಸುಮಾರು 138 ಕಿ.ಮೀ. ರಸ್ತೆ 2017ರ ನವೆಂಬರಿನಲ್ಲಿ ತೆರೆಯಿತು. ಅದನ್ನು ಕಟ್ಟಿದ್ದು ಹೆಚ್ಚಾಗಿ ಚಳಿಗಾಲಗಳಲ್ಲಿ, ಹೆಪ್ಪುಗಟ್ಟಿದ ನೆಲದ ಮೇಲೆ ಬಟ್ಟೆಯಂಥ ಹಾಸು ಹರಡಿ, ಅದರ ಮೇಲೆ ಮಣ್ಣು ಪೇರಿಸಿ. ಆ ರಸ್ತೆ ಮುಗಿಯುವ ಟುಕ್ಟೊಯಾಕ್ಟುಕ್ ಊರಿನ ಹತ್ತಿರ ಬಯಲಿನಲ್ಲಿ ದಿಢೀರನೆ ಏಳುವ ಗುಡ್ಡಗಳು ಪಿಂಗೊಗಳು. ಕೆರೆಯೊಂದು ಬರಿದಾದಾಗ ಅದರ ತಳದ ಒದ್ದೆ ಮರಳು ಎಲ್ಲ ಕಡೆಯಿಂದ ಹೆಪ್ಪುಗಟ್ಟುತ್ತ ಬರುತ್ತದೆ. ನಡುವೆ ಸಿಕ್ಕಿಕೊಂಡ ನೀರು ಒತ್ತಡಕ್ಕೆ ಮೇಲೇಳುತ್ತದೆ, ಹೆಪ್ಪಾಗುತ್ತ ನೆಲವನ್ನೇ ಎತ್ತುತ್ತದೆ. ಇಬ್ಯುಕ್ ಎಂಬ ಪಿಂಗೊದ ಎತ್ತರ 49 ಮೀಟರು. ಭೂಗೋಳಶಾಸ್ತ್ರಜ್ಞ ಜೆ. ರಾಸ್ ಮೆಕೇ ಈ ಗುಡ್ಡಗಳನ್ನು ದಶಕಗಳ ಕಾಲ ಅಳೆದರು. ನೆಲ ಹೊಸದಾಗಿ ಹೆಪ್ಪುಗಟ್ಟುವುದನ್ನು ಮೊದಲ ದಿನದಿಂದಲೇ ನೋಡಬೇಕೆಂದು 1978ರಲ್ಲಿ ಅವರು ಇಲ್ಲಿಸಾರ್ವಿಕ್ ಎಂಬ ಕೆರೆಯ ನೀರನ್ನು ಸಮುದ್ರಕ್ಕೆ ಬಿಟ್ಟು ಬರಿದು ಮಾಡಿಸಿದರು. ಅಂಥ ತಾಳ್ಮೆಯ ಪ್ರಯೋಗಗಳ ಬಗ್ಗೆ ನನಗೆ ಅಪಾರ ಗೌರವ.

ಟುಕ್ಟೊಯಾಕ್ಟುಕ್‌ನ ದಡದಲ್ಲಿ ಮಂಜು ತುಂಬಿದ ಮಣ್ಣಿಗೆ ಜಲ್ಲಿಯ ಹೊದಿಕೆಯೂ ಇಲ್ಲ, ಹಾವಸೆಯ ಆಸರೆಯೂ ಇಲ್ಲ. ಕಡಲ ಮೇಲಿನ ಮಂಜು ಕಡಿಮೆಯಾದಷ್ಟೂ ಅಲೆಗಳು ಅದನ್ನು ನೇರವಾಗಿ ಕರಗಿಸುತ್ತವೆ. ದಡದಂಚಿನ ಕೆಲವು ಮನೆಗಳನ್ನು ಈಗಾಗಲೇ ಒಳಗಿನ ಜಾಗಕ್ಕೆ ಸಾಗಿಸಿದ್ದಾರೆ. ಬಂದರಿಗೆ ಅಡ್ಡಗೋಡೆಯಾಗಿರುವ ಸಣ್ಣ ದ್ವೀಪ ವರ್ಷಕ್ಕೆ ಸುಮಾರು 2 ಮೀಟರಿನಷ್ಟು ಸವೆಯುತ್ತಿದೆ. ಅದು ತುಂಡಾದರೆ ಬಿರುಗಾಳಿಯ ಅಲೆಗಳಿಗೂ ಊರಿಗೂ ನಡುವೆ ತಡೆಯೇ ಇರುವುದಿಲ್ಲ.