ಕೃತಿಯೂ ಕರ್ತೃವಿನ ವಿವರಣೆಯೂ: ಮುದ್ದಣನ ನಿದರ್ಶನ

ಉನ್ನತ ಪದವಿಗಾಗಿ ಬರೆಯುವ ಪ್ರಬಂಧವು ಅನ್ಯರ ಗ್ರಂಥಗಳನ್ನು ಕುರಿತ ಸಂಶೋಧನೆಯೇ ಆಗಿರಬೇಕೆಂಬುದು ಬಹುಕಾಲದ ರೂಢಿ. ಅಮೆರಿಕೆಯ ಅಯೋವಾ ವಿಶ್ವವಿದ್ಯಾನಿಲಯವು 1922ರಲ್ಲಿ ಕಾವ್ಯ, ಕಥೆ ಮೊದಲಾದ ಸ್ವತಂತ್ರ ಕೃತಿಗಳನ್ನೂ ಅಂತಹ ಪ್ರಬಂಧವಾಗಿ ಅಂಗೀಕರಿಸಲು ಒಪ್ಪಿ ಆ ರೂಢಿಯನ್ನು ಸಡಿಲಿಸಿತು. ಅನಂತರ ಅನೇಕ ವಿದ್ಯಾಪೀಠಗಳು ಕೃತಿಯೊಡನೆ ಕರ್ತೃವೇ ಬರೆದ ವಿಮರ್ಶಾತ್ಮಕ ವಿವರಣೆಯೊಂದನ್ನೂ ಕೇಳತೊಡಗಿದವು. ಕಥೆಯನ್ನು ಲೀಲೆಯಿಂದ ಮುಗಿಸಿದ ವಿದ್ಯಾರ್ಥಿಯೂ ಈ ಭಾಗಕ್ಕೆ ಬಂದಾಗ ಲೇಖನಿಯನ್ನು ಕೆಳಗಿಡುವುದುಂಟು. ಕವಿಯು ತನ್ನ ಕೃತಿಗೆ ತಾನೇ ಭಾಷ್ಯಕಾರನಾಗುವುದು ಯುಕ್ತವೆ? ಆಗುವುದಾದರೆ ಅದರ ಬಗೆ ಯಾವುದು? ಈ ಪ್ರಶ್ನೆಗೆ ಉಡುಪಿಯ ಕಡೆಯಿಂದಲೇ ಒಂದು ಉತ್ತರ ದೊರೆಯುತ್ತದೆ.

ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಕಾವ್ಯರಚನೆಗಾಗಿ ಅವನಿಗೆ ಯಾವ ವಿದ್ಯಾಪೀಠದ ಆಶ್ರಯವೂ ಇರಲಿಲ್ಲ. ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಎಂಬ ಮೂರು ಕೃತಿಗಳನ್ನು ರಚಿಸಿ, ಅವು ತನ್ನವೆಂಬುದನ್ನು ಮರೆಸಿ, ಪ್ರಾಚೀನ ಗ್ರಂಥಗಳೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿದನು. 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಮುದ್ದಣನೆಂದು ಇಂದು ನಾವು ಕೊಂಡಾಡುವ ಕವಿ ಇವನೇ.

‘ಶ್ರೀರಾಮಾಶ್ವಮೇಧ’ದ ಕಥಾವಸ್ತು ಪದ್ಮಪುರಾಣದ್ದು, ಭಾಷೆ ಹಳಗನ್ನಡ ಗದ್ಯ. ಆದರೆ ಅದರ ಜೀವವಿರುವುದು ಮುದ್ದಣ ಮನೋರಮೆಯರ ಸಲ್ಲಾಪದಲ್ಲಿ. ಯಾವ ಕಥೆಯನ್ನು ಹೇಳಬೇಕು, ಪದ್ಯವೋ ಗದ್ಯವೋ, ಸಂಸ್ಕೃತಪದಗಳು ಎಷ್ಟಿರಬೇಕು ಎಂಬ ವಿಷಯಗಳೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಕ್ಲಿಷ್ಟವಾದೊಡನೆ ಮನೋರಮೆ ತಡೆಯುತ್ತಾಳೆ. ಕವಿಯು ಸಮಾಧಾನ ಹೇಳಿಯೇ ಮುಂದುವರಿಯಬೇಕು. ಪದವಿಯ ಪ್ರಬಂಧದಲ್ಲಿ ವಿವರಣೆಯು ಮಾಡಬೇಕಾದ ಕೆಲಸವೂ ಇದೇ ಅಲ್ಲವೆ? ವಸ್ತುವನ್ನು ಏಕೆ ಆರಿಸಿತು, ರೂಪವನ್ನು ಏಕೆ ಒಪ್ಪಿತು, ನುಡಿಯನ್ನು ಹೇಗೆ ಹದಗೊಳಿಸಿತು ಎಂಬುದನ್ನು ಹೇಳುವುದು. ಕಾವ್ಯದ ಅರ್ಥವನ್ನು ಬಿಡಿಸಿ ಹೇಳುವುದು ಅದರ ಹೊಣೆಯಲ್ಲ; ಆತ್ಮಪ್ರಶಂಸೆಯಂತೂ ಅಲ್ಲವೇ ಅಲ್ಲ.

ಆದರೂ ಮುದ್ದಣನ ಮಾರ್ಗದಲ್ಲಿ ಒಂದು ಕೊರತೆಯುಂಟು. ಮನೋರಮೆ ಅವನೇ ಕಲ್ಪಿಸಿದ ಪರೀಕ್ಷಕಿ. ಹೊರಗಿನ ಪಂಡಿತರ ಮುಂದೆ ಅವನು ತನ್ನ ಹೆಸರಿನಲ್ಲಿ ನಿಲ್ಲಲಿಲ್ಲ. ಹೊಸ ಕವಿಗಿಂತ ಹಳೆಯ ಓಲೆಗೇ ಮನ್ನಣೆ ಹೆಚ್ಚೆಂಬ ಅಂಜಿಕೆಯೇ ಇದಕ್ಕೆ ಕಾರಣವೆಂದು ಊಹಿಸಬಹುದು. ಫಲವೇನಾಯಿತು? ಕೃತಿಯನ್ನು ಓದಿದವರಿಗೆ ಕರ್ತೃವನ್ನು ಪ್ರಶ್ನಿಸುವ ಅವಕಾಶವಿರಲಿಲ್ಲ. ಕರ್ತೃವಿಗೆ ಅವರ ಮೆಚ್ಚುಗೆಯನ್ನು ತನ್ನದೆಂದು ಸ್ವೀಕರಿಸುವ ಭಾಗ್ಯವೂ ಇರಲಿಲ್ಲ. ಮೌಖಿಕ ಪರೀಕ್ಷೆಯೆಂಬುದು ಈ ಎರಡನ್ನೂ ಒದಗಿಸತಕ್ಕ ಏರ್ಪಾಡು.

ಆದುದರಿಂದ ಅಧ್ಯಾಪಕರಲ್ಲಿ ಒಂದು ಬಿನ್ನಹ. ವಿವರಣೆಯನ್ನು ಕೃತಿ ಮುಗಿದ ಮೇಲೆ ಹೊರಿಸುವ ತೆರಿಗೆಯಾಗಿಸಬಾರದು. ರಚನೆ ನಡೆಯುತ್ತಿರುವಾಗಲೇ ಮಾರ್ಗದರ್ಶಕನು ಮನೋರಮೆಯಂತೆ ಕೇಳುತ್ತಿರಲಿ. ವಿದ್ಯಾರ್ಥಿಯು ತಾನು ಬಿಟ್ಟುದನ್ನೂ ತಿದ್ದಿದುದನ್ನೂ, ಅದರ ಕಾರಣವನ್ನೂ, ಆಗಲೇ ಬರೆದಿಡಲಿ. ಆ ಟಿಪ್ಪಣಿಗಳೇ ಕೊನೆಯಲ್ಲಿ ವಿವರಣೆಯಾಗುವುವು. ಕೊನೆಯ ಪುಟವನ್ನು ಬರೆದ ಮಾತ್ರಕ್ಕೆ ಇಂತಹ ಪ್ರಬಂಧ ಮುಗಿಯುವುದಿಲ್ಲ. ಇದು ನನ್ನದು, ಹೀಗೇಕೆಂದು ಕೇಳಿದರೆ ಹೇಳಬಲ್ಲೆ ಎಂದು ಕರ್ತೃವು ಸಭೆಯ ಮುಂದೆ ನಿಂತಾಗ ಮುಗಿಯುತ್ತದೆ. ನಂದಳಿಕೆಯ ಕವಿಗೆ ಆ ಸಭೆ ದೊರೆಯಲಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ಒದಗಿಸುವುದು ನಮ್ಮ ಕೈಯಲ್ಲಿದೆ.