ಗಡಿಯಾಚೆಯ ಮುಪ್ಪು

ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಪರದೇಶಕ್ಕೆ ಹೋಗಿ ನೆಲೆಸುವ ಹಿರಿಯರ ಬದುಕು ದೂರದಿಂದ ನೋಡುವವರಿಗೆ ಆರಾಮದ ಬದುಕಿನಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಬಹುಪಾಲು ಕಾಗದಪತ್ರಗಳ ಬದುಕು. ಇಂಗ್ಲೆಂಡಿನಿಂದ ಸ್ಪೇನಿಗೆ ಹೋದವರ ಸರ್ಕಾರಿ ಪಿಂಚಣಿ ವರ್ಷ ವರ್ಷ ಏರುತ್ತದೆ. ಅದೇ ಇಂಗ್ಲೆಂಡಿನಿಂದ ಭಾರತಕ್ಕೆ ಬಂದು ಉಳಿದವರ ಪಿಂಚಣಿ ಬಂದಾಗ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತದೆ. ಮಗನೋ ಮಗಳೋ ಕರೆಸಿಕೊಂಡರೆಂದು ಅಮೆರಿಕಕ್ಕೆ ಹೋಗಿ ಗ್ರೀನ್ ಕಾರ್ಡ್ ಪಡೆದ ನಮ್ಮ ಕಡೆಯ ತಂದೆತಾಯಂದಿರು ಅಲ್ಲಿನ ಮೆಡಿಕೇರ್ ವಿಮೆಯನ್ನು ದುಡ್ಡು ಕೊಟ್ಟು ಕೊಳ್ಳುವುದಕ್ಕೂ ಐದು ವರ್ಷ ಕಾಯಬೇಕು. ಇವರೆಲ್ಲರ ಚಿಂತೆಯನ್ನು ಸೋಸಿ ನೋಡಿದರೆ ಉಳಿಯುವ ಪ್ರಶ್ನೆಗಳು ಕೆಲವೇ. ಹಣ ಬರುತ್ತದೆಯೇ? ಬಂದ ಕಾಗದದಲ್ಲಿ ಏನು ಬರೆದಿದೆ? ರಾತ್ರಿ ಎದೆ ಹಿಡಿದರೆ ಯಾವ ಆಸ್ಪತ್ರೆ? ಅಲ್ಲಿನ ಡಾಕ್ಟರಿಗೆ ನೋವು ಎಲ್ಲಿದೆ ಎಂದು ಹೇಳುವುದು ಹೇಗೆ? ಇವೇ ಪ್ರಶ್ನೆಗಳು, ಹುಟ್ಟಿದ ಮನೆಯನ್ನು ಒಂದು ದಿನವೂ ಬಿಡದೆ ಎಪ್ಪತ್ತು ದಾಟಿದ ಗುಮಟಾಪುರದ ಹಿರಿಯರ ಮುಂದೆಯೂ ಇವೆ. ಪರದೇಶಕ್ಕೆ ಹೋದವರಿಗೆ ಒಂದಿಷ್ಟು ಏರ್ಪಾಡಾದರೂ ಉಂಟು. ಇವರಿಗೆ ಅದೂ ಇಲ್ಲ ಎಂಬುದು ನನ್ನ ವಾದ. ಅದನ್ನು ಮಾಡಿಕೊಡಲು ಗಡಿರೇಖೆಯನ್ನು ಒಂದು ಗೇಣೂ ಅಲುಗಾಡಿಸಬೇಕಾಗಿಲ್ಲ ಎಂಬುದು ಅದರ ಇನ್ನೊಂದು ಭಾಗ.

ಗುಮಟಾಪುರ ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಸೀಮೆಯ ಕನ್ನಡದ ಊರು. ದೀಪಾವಳಿ ಮುಗಿದ ಮರುದಿನ ಬೀರೇಶ್ವರನ ಸನ್ನಿಧಿಯಲ್ಲಿ ನಡೆಯುವ ಗೊರೆಹಬ್ಬದಿಂದಾಗಿ ಅದರ ಹೆಸರು ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಬರುತ್ತದೆ; ಸಗಣಿ ಎರಚಾಡುವವರ ಫೋಟೊ ದೇಶವಿದೇಶ ಸುತ್ತುತ್ತದೆ. ಉಳಿದ ದಿನಗಳಲ್ಲಿ ಊರಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇದೇ ಸೀಮೆಯ ಗಾಜನೂರು ರಾಜ್‌ಕುಮಾರ್ ಅವರ ಊರು ಎಂಬುದು ಕನ್ನಡಿಗರಿಗೆಲ್ಲ ಗೊತ್ತು. ಅದು ತಮಿಳುನಾಡಿನಲ್ಲಿದೆ ಎಂಬುದು ಹಲವರಿಗೆ ನೆನಪಾದದ್ದು 2000ದ ಜುಲೈಯಲ್ಲಿ ಅಲ್ಲಿಂದ ಅವರ ಅಪಹರಣವಾದಾಗ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಚಾಮರಾಜನಗರ ಇಲ್ಲಿಗೆ 20–25 ಕಿ.ಮೀ., ಬಯಲು ದಾರಿ. ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ಸತ್ಯಮಂಗಲದ ಹುಲಿ ಕಾಡನ್ನು ಹಾಯ್ದು, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ನೂರು ಕಿ.ಮೀ.ಗೂ ಹೆಚ್ಚು ಪಯಣಿಸಬೇಕು. ಸಂತೆ, ನೆಂಟಸ್ತಿಕೆ, ಮದುವೆ, ದೇವರ ಹರಕೆ ಎಲ್ಲ ಬಯಲಿನ ಕಡೆಗೆ. ಕಚೇರಿಯ ಕೆಲಸವಷ್ಟೇ ಘಾಟಿಯ ಕಡೆಗೆ.

ಪಿಂಚಣಿಯಿಂದಲೇ ಶುರು ಮಾಡೋಣ. ಜೀವಮಾನವಿಡೀ ಹೊಲದಲ್ಲಿ ದುಡಿದವರಿಗೆ ನಿವೃತ್ತಿ ವೇತನ ಎಲ್ಲಿಂದ ಬರಬೇಕು? ಕೈಗೆ ಸಿಗುವುದು ಸರ್ಕಾರದ ವೃದ್ಧಾಪ್ಯ ಪಿಂಚಣಿ ಮಾತ್ರ. ತಮಿಳುನಾಡು 2023ರಲ್ಲಿ ಅದನ್ನು ತಿಂಗಳಿಗೆ 1,000 ರೂಪಾಯಿಯಿಂದ 1,200ಕ್ಕೆ ಏರಿಸಿತು. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯಲ್ಲೂ 1,200 ರೂಪಾಯಿಯೇ. ಹಣದ ಲೆಕ್ಕದಲ್ಲಿ ಗಡಿಯ ಎರಡೂ ಬದಿ ಸಮ, ಹಾಗಾಗಿ ತಮಿಳುನಾಡು ಇವರಿಗೆ ಕಡಿಮೆ ಕೊಡುತ್ತಿದೆ ಎಂದು ದೂರಿದರೆ ತಪ್ಪಾಗುತ್ತದೆ. ತೊಡಕಿರುವುದು ಕಾಗದದಲ್ಲಿ. ಅರ್ಜಿ ಇ–ಸೇವೈ ಕೇಂದ್ರದಲ್ಲಿ ಏರಬೇಕು, ಗ್ರಾಮ ಆಡಳಿತಾಧಿಕಾರಿ (ವಿಎಒ) ವಿಚಾರಣೆಗೆ ಬರಬೇಕು, ತಹಶೀಲ್ದಾರರ ಆದೇಶ ಹೊರಡಬೇಕು, ಇಷ್ಟೂ ತಮಿಳಿನಲ್ಲಿ. ಅರ್ಜಿ ತಿರಸ್ಕಾರವಾದರೆ ಯಾಕೆ ಎಂಬ ಕಾರಣವೂ ತಮಿಳಿನಲ್ಲಿ. ಮಂಜೂರಾದ ಹಣ ಒಂದು ತಿಂಗಳು ನಿಂತಿತೆನ್ನಿ: ಬ್ಯಾಂಕಿನ ಸಂದೇಶ ಮೊಮ್ಮಗನ ಮೊಬೈಲಿಗೆ ಬಂದಿರುತ್ತದೆ, ಮೊಮ್ಮಗ ತಿರುಪ್ಪೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುತ್ತಾನೆ, ಮಣ್ಣಿನಲ್ಲಿ ಸವೆದ ಹೆಬ್ಬೆರಳಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ. ಹೆಬ್ಬೆರಳಿನ ಕಷ್ಟ ಹಳ್ಳಿಯ ಮುದುಕರಿಗೆಲ್ಲ ಇದ್ದದ್ದೇ. ಆದರೆ ಬೇರೆಡೆಯ ಹಿರಿಯರು ಕೈಯಲ್ಲಿರುವ ಚೀಟಿಯನ್ನು ತಾವೇ ಓದಿಕೊಂಡು ‘ಇಲ್ಲಿ ಹೀಗೆ ಬರೆದಿದೆಯಲ್ಲಪ್ಪ’ ಎಂದು ಕೇಳಬಲ್ಲರು. ಅಷ್ಟು ಕೇಳುವ ಧೈರ್ಯ ಇವರಿಗೆ ಬರುವುದಿಲ್ಲ.

‘ಮನೆಯಲ್ಲಿ ತಮಿಳು ಬಲ್ಲ ಮಕ್ಕಳಿದ್ದಾರಲ್ಲ’ ಎನ್ನಬಹುದು. ಇದ್ದಾರೆ, ಮತ್ತು ಅಲ್ಲೇ ಇನ್ನೊಂದು ತೊಡಕಿದೆ. ತಮಿಳುನಾಡು 2006ರಲ್ಲಿ ತಂದ ತಮಿಳು ಕಲಿಕಾ ಕಾಯ್ದೆ ಒಂದನೇ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯ ಮಾಡುತ್ತ ಬಂತು. ರಾಜ್ಯದ ಭಾಷೆಯನ್ನು ಮಕ್ಕಳು ಕಲಿಯುವುದು ಅವರ ಒಳ್ಳೆಯದಕ್ಕೇ. ಅದರ ಬಗ್ಗೆ ನನಗೆ ತಕರಾರಿಲ್ಲ. ಪರಿಣಾಮ ಮಾತ್ರ ಹೀಗಿದೆ: ಅಜ್ಜ ಕನ್ನಡ ಓದಬಲ್ಲ, ತಮಿಳು ಓದಲಾರ, ಮೊಮ್ಮಗ ತಮಿಳು ಓದಬಲ್ಲ, ಕನ್ನಡ ಆಡಬಲ್ಲ, ಬರೆಯುವಾಗ ತಡವರಿಸುತ್ತಾನೆ. ಮುಪ್ಪಿನಲ್ಲಿ ಮನುಷ್ಯ ಬಲವಾಗಿ ಹಿಡಿದುಕೊಳ್ಳುವುದು ತನ್ನ ಲೆಕ್ಕಪತ್ರವನ್ನು ತಾನೇ ನೋಡಿಕೊಳ್ಳುವ ಹಕ್ಕನ್ನು. ಬ್ಯಾಂಕಿನಲ್ಲಿ ಎಷ್ಟಿದೆ, ಯಾರ ಹೆಸರಿಗೆ ಏನು ಬರೆದಿದೆ, ತನಗೆ ಯಾವ ಕಾಯಿಲೆ ಎಂಬುದನ್ನೆಲ್ಲ ಇನ್ನೊಬ್ಬರ ಬಾಯಿಂದಲೇ ಕೇಳಬೇಕಾದವರು ಮನೆಯೊಳಗೇ ಹಂಗಿಗೆ ಬೀಳುತ್ತಾರೆ. ಮಕ್ಕಳು ಒಳ್ಳೆಯವರಾದರೆ ಆ ಹಂಗು ಹಗುರ. ಎಲ್ಲ ಮನೆಯಲ್ಲೂ ಹಾಗಿರುವುದಿಲ್ಲ.

ಆಸ್ಪತ್ರೆಯ ಮಾತು ಇನ್ನೂ ಗಂಭೀರ. ತಾಳವಾಡಿಯಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಸಾಮಾನ್ಯ ಕಾಯಿಲೆಗೆ ಅಲ್ಲೇ ಮದ್ದು ಸಿಗುತ್ತದೆ. ಪಾರ್ಶ್ವವಾಯು, ಹೃದಯಾಘಾತ, ಸೊಂಟದ ಮೂಳೆ ಮುರಿತ ಇಂಥವಕ್ಕೆ ದೊಡ್ಡಾಸ್ಪತ್ರೆಯೇ ಬೇಕು. ಬಯಲು ದಾರಿಯ ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಅದರಾಚೆ ಮೈಸೂರಿದೆ. ಆದರೆ ತಮಿಳುನಾಡಿನ ಸರ್ಕಾರಿ ವ್ಯವಸ್ಥೆ ರೋಗಿಯನ್ನು ಕಳಿಸುವುದು ತನ್ನದೇ ಆಸ್ಪತ್ರೆಗಳಿಗೆ, ಎಂದರೆ ಘಾಟಿಯ ಕೆಳಗೆ. ಕಾಡುಪ್ರಾಣಿಗಳ ಸಾವು ತಡೆಯಲು ಆ ದಾರಿಯಲ್ಲಿ ರಾತ್ರಿ ಸಂಚಾರ ನಿರ್ಬಂಧವನ್ನು ಜಾರಿ ಮಾಡುವಂತೆ ಮದ್ರಾಸ್ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿತು. ಆಂಬುಲೆನ್ಸಿಗೆ ವಿನಾಯಿತಿ ಇದೆ, ನಿರ್ಬಂಧದ ಉದ್ದೇಶವೂ ಸರಿಯೇ. ಆದರೂ ಪಾರ್ಶ್ವವಾಯು ಹೊಡೆದವರಿಗೆ ಮೊದಲ ನಾಲ್ಕೂವರೆ ಗಂಟೆಯೊಳಗೆ ರಕ್ತದ ಹೆಪ್ಪು ಕರಗಿಸುವ ಮದ್ದು ಬೀಳಬೇಕು ಎನ್ನುವಾಗ, 27 ತಿರುವು ಇಳಿಯುವ ದಾರಿಯನ್ನೂ ಬಯಲು ದಾರಿಯನ್ನೂ ಒಂದೇ ಎನ್ನಲಾಗದು. ಗಡಿ ದಾಟಿದರೆ ಡಾಕ್ಟರಿಗೆ ಕನ್ನಡ ಗೊತ್ತು. ಆದರೆ ರೋಗಿಯ ಕಾರ್ಡು, ಹಣಕಾಸು, ದಾಖಲೆ ಯಾವುದೂ ಆ ರಾಜ್ಯದ್ದಲ್ಲ. ಇಂಥ ಗಡಿಯಲ್ಲಿ ಆಸ್ಪತ್ರೆಯ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್ ಕೊನೆಯಲ್ಲಿ ಕೇರಳ ಗಡಿಯ ತಲಪಾಡಿಯಲ್ಲಿ ನೋಡಿದ್ದೇವೆ. ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿ ಮುಚ್ಚಿತು, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಉಳಿದರು, ಕೆಲವರು ಜೀವ ಬಿಟ್ಟರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ರೋಗಿಗಳನ್ನು ಬಿಡಲು ಒಂದು ನಿಯಮಾವಳಿ ಆಯಿತು. ಆ ನೋವನ್ನು ನಮ್ಮ ಭಾಷೆಯ ಜನರಿಗೆ ಕೊಟ್ಟದ್ದು ನಮ್ಮ ರಾಜ್ಯವೇ ಎಂಬುದನ್ನು ಮರೆಯಬಾರದು.

ಬಸ್ಸಿನಲ್ಲೂ ಅದೇ ಕಥೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ, ಉಚಿತ ಪ್ರಯಾಣದ ಶಕ್ತಿ ಯೋಜನೆ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ. ಚಾಮರಾಜನಗರದಿಂದ ಮೈಸೂರಿನ ಬಸ್ಸು ಹತ್ತಿದ ಇಬ್ಬರು ಅಕ್ಕತಂಗಿಯರನ್ನು ಊಹಿಸಿಕೊಳ್ಳಿ: ಒಬ್ಬರನ್ನು ಗಡಿಯೀಚೆಗೆ ಕೊಟ್ಟದ್ದು, ಒಬ್ಬರನ್ನು ಗುಮಟಾಪುರಕ್ಕೆ. ಇಬ್ಬರೂ ಆಧಾರ್ ತೋರಿಸುತ್ತಾರೆ. ಒಬ್ಬರಿಗೆ ಕಂಡಕ್ಟರು ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ, ಇನ್ನೊಬ್ಬರ ಕಾರ್ಡಿನಲ್ಲಿ ಈರೋಡು ಜಿಲ್ಲೆಯ ವಿಳಾಸ ನೋಡಿ ದುಡ್ಡು ಕೇಳುತ್ತಾರೆ. ನಿಯಮದ ಪ್ರಕಾರ ಅದು ಸರಿ. ಕರ್ನಾಟಕದ ತೆರಿಗೆಯ ಹಣ ಕರ್ನಾಟಕದವರಿಗೆ ಎಂಬ ಮಾತನ್ನು ತಳ್ಳಿಹಾಕಲೂ ಆಗದು. ಆದರೆ ನವೆಂಬರ್ ಬಂದಾಗಲೆಲ್ಲ ಹೊರನಾಡ ಕನ್ನಡಿಗರನ್ನು ವೇದಿಕೆ ಹತ್ತಿಸಿ ಶಾಲು ಹೊದಿಸುವ ಸರ್ಕಾರ, ಗಡಿಯ ಅರವತ್ತು ದಾಟಿದ ಹೆಂಗಸರ ಬಸ್ ಚಾರ್ಜನ್ನು ಹೊರುವುದು ಆ ಶಾಲಿಗಿಂತ ಹೆಚ್ಚು ಉಪಯೋಗದ ಗೌರವ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ, ಸ್ವಂತ ದೇಶದ ಪ್ರಜೆಗಳನ್ನು ವಿದೇಶಿಯರೊಡನೆ ಹೋಲಿಸುವುದು ಅತಿಯಾಯಿತು ಎಂಬುದು. ಇವರಿಗೆ ವೀಸಾ ಬೇಡ, ಓಟಿನ ಹಕ್ಕಿದೆ, ರೇಷನ್ ಅಂಗಡಿಯ ಅಕ್ಕಿ ಇದೆ, ಯಾರೂ ಊರು ಬಿಡಿಸಲಾರರು. ಒಪ್ಪುತ್ತೇನೆ. ಆದರೆ ದಿನನಿತ್ಯದ ಬಾಳಿನಲ್ಲಿ ಹೋಲಿಕೆ ನಿಲ್ಲುತ್ತದೆ, ಕೆಲವೆಡೆ ಇವರ ಪಾಡೇ ಕಡೆ. ಇದೇ ಬೆಟ್ಟಸಾಲಿನ ಆಚೆ, ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿಯನ್ ನಿರಾಶ್ರಿತರಿದ್ದಾರೆ. ದೇಶ ಕಳೆದುಕೊಂಡ ಅವರ ದುಃಖ ಬಹಳ ದೊಡ್ಡದು. ಆದರೂ ಅಲ್ಲಿನ ವೃದ್ಧರಿಗೆ ಕಾಗದ ಓದಿ ಹೇಳಲು, ಸರ್ಕಾರದೊಡನೆ ಮಾತಾಡಲು, ಅವರದೇ ಭಾಷೆಯ ವಸಾಹತು ಕಚೇರಿಯೊಂದಿದೆ. ಗುಮಟಾಪುರದ ವೃದ್ಧರಿಗೆ ಅಂಥದೊಂದು ಮೇಜೂ ಇಲ್ಲ.

‘ಎಪ್ಪತ್ತು ವರ್ಷ ತಮಿಳುನಾಡಿನಲ್ಲಿದ್ದು ತಮಿಳು ಕಲಿಯಲಿಲ್ಲವೇ’ ಎನ್ನುವುದು ಎರಡನೆಯದು. ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ಆಡುಮಾತು ಗಡಿಯ ಜನರಿಗೆ ಬರುತ್ತದೆ. ಆಡುವುದು ಬೇರೆ, ಆದೇಶಪತ್ರ ಓದುವುದು ಬೇರೆ. ಎಪ್ಪತ್ತೈದರ ವಯಸ್ಸಿನಲ್ಲಿ, ಕಣ್ಣಿಗೆ ಪೊರೆ ಬಂದ ಮೇಲೆ ಹೊಸ ಲಿಪಿ ಕಲಿಯಿರಿ ಎನ್ನುವುದು ಸಲಹೆಯಾಗಲಾರದು. ಮೊಬೈಲಿನಲ್ಲಿ ಅನುವಾದ ಸಿಗುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಯಂತ್ರದ ಅನುವಾದ ತಪ್ಪಿದರೆ ಹೊಣೆ ಯಾರದು? ಕಚೇರಿಯೇ ಕನ್ನಡದಲ್ಲಿ ಕೊಟ್ಟ ಕಾಗದಕ್ಕೆ ಕಚೇರಿ ಹೊಣೆ.

ಮೂರನೆಯ ಆಕ್ಷೇಪಕ್ಕೆ ತೂಕವಿದೆ: ಇದನ್ನು ಎತ್ತಿದರೆ ಗಡಿ ಜಗಳ ಮತ್ತೆ ಹೊತ್ತಿಕೊಳ್ಳುವುದಿಲ್ಲವೇ? ಹೊತ್ತಿಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಕೇರಳವೇ ಸಾಕ್ಷಿ. ಅಲ್ಲಿನ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎನ್ನುತ್ತದೆ. ಆಚರಣೆಯಲ್ಲಿ ಎಷ್ಟೇ ಕೊರತೆ ಇರಲಿ, ಕಾಸರಗೋಡಿನವರು ಕೈ ತೋರಿಸಲು ಒಂದು ಕಾನೂನಿದೆ, ಅದರಿಂದ ಕೇರಳದ ಒಂದಂಗುಲ ನೆಲವೂ ಕೈಬಿಟ್ಟು ಹೋಗಿಲ್ಲ. ಸಂವಿಧಾನದ 350ನೇ ವಿಧಿ ಯಾರೇ ಆಗಲಿ ತಮ್ಮ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಎನ್ನುತ್ತದೆ. ಭಾಷಾ ಅಲ್ಪಸಂಖ್ಯಾತರು ಶೇ 15ರಿಂದ 20ರಷ್ಟಿರುವ ಕಡೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂದು ಕೇಂದ್ರ ಸರ್ಕಾರ 1956ರಲ್ಲೇ ರಾಜ್ಯಗಳಿಗೆ ಹೇಳಿದೆ. ಆ ಅಳತೆಯನ್ನು ತಾಳವಾಡಿ ಸಲೀಸಾಗಿ ಮುಟ್ಟುತ್ತದೆ. ಇನ್ನು ಕರ್ನಾಟಕ ಈ ಮಾತನ್ನು ಚೆನ್ನೈಗೆ ಹೇಳುವ ಮೊದಲು ತನ್ನ ಗೋಪಿನಾಥಂ ಕಡೆ ನೋಡಬೇಕು. ಹನೂರು ತಾಲ್ಲೂಕಿನ ಆ ಊರಿನ ಜನರ ಮಾತು ತಮಿಳು; ಅಲ್ಲಿನ ಮುದುಕರ ಕೈಗೆ ಬರುವುದು ಕನ್ನಡದ ಕಾಗದ. ಅವರ ಮುಪ್ಪು ಗುಮಟಾಪುರದ ಮುಪ್ಪಿನದೇ ಪಡಿಯಚ್ಚು.

ಹಕ್ಕು ಮನುಷ್ಯನ ಹಿಂದೆ ಗಡಿ ದಾಟಿ ಬರಬಲ್ಲದು ಎಂಬುದು ಹೊಸ ಮಾತಲ್ಲ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಅಕ್ಕಿ ದಾಟುತ್ತಿದೆ. 70 ತುಂಬಿದ ಎಲ್ಲರಿಗೂ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂದು ಕೇಂದ್ರ 2024ರ ಅಕ್ಟೋಬರಿನಲ್ಲಿ ವಿಸ್ತರಿಸಿದ ಆಯುಷ್ಮಾನ್ ಯೋಜನೆಯ ನಿಯಮದಲ್ಲೂ ಬೇರೆ ರಾಜ್ಯದ ಆಸ್ಪತ್ರೆಗೆ ಅವಕಾಶವಿದೆ. ತಾಳವಾಡಿಯ ಹಿರಿಯರಿಗೆ ಚಾಮರಾಜನಗರದಲ್ಲಿ ಅದು ನಿಜವಾಗಿ ಸಿಗುವಂತೆ ಮಾಡಲು ಎರಡೂ ಸರ್ಕಾರಗಳು ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು. ಚುನಾವಣೆ ಬಂದಾಗ, ಚೆಕ್‌ಪೋಸ್ಟಿನ ತಕರಾರು ಎದ್ದಾಗ ಗಡಿ ಜಿಲ್ಲೆಗಳ ಅಧಿಕಾರಿಗಳು ಒಟ್ಟಿಗೆ ಕೂತು ಮಾತಾಡುವುದು ವಾಡಿಕೆ. ಅಂಥದೇ ಒಂದು ಸಭೆಯಲ್ಲಿ ಈರೋಡು ಮತ್ತು ಚಾಮರಾಜನಗರದ ಜಿಲ್ಲಾಧಿಕಾರಿಗಳು ಆಸ್ಪತ್ರೆಯ ದಾರಿಯನ್ನೂ, ತಾಳವಾಡಿಗೆ ಕನ್ನಡದ ಪಿಂಚಣಿ ನಮೂನೆಯನ್ನೂ, ಗೋಪಿನಾಥಂಗೆ ತಮಿಳಿನ ನಮೂನೆಯನ್ನೂ ಮೇಜಿನ ಮೇಲಿಟ್ಟು ತಮ್ಮ ತಮ್ಮ ಸರ್ಕಾರಕ್ಕೆ ಶಿಫಾರಸು ಬರೆಯಬಹುದು.